ಹಳೆಯ ಗಡಿಯಾರದ ಮುಖ

ನಮ್ಮ ಸಿರವಾರದಲ್ಲಿ ನನಗೊಂದು ಅಡ್ಡಹೆಸರುಂಟು. ‘ಗಡಿಯಾಳ ಮಾಸ್ತರ’ ಎಂದು ಕರೆಯುತ್ತಾರೆ. ನಾನು ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಆ ಗಣಿತವನ್ನು ಈಗ ಯಾರೂ ನೆನೆಯುವದಿಲ್ಲ. ಮನೆಯಲ್ಲಿ ಹನ್ನೊಂದು ಹಳೆಯ ಕೈಗಡಿಯಾರಗಳಿರುವವೆಂಬುದೂ, ಅವುಗಳಲ್ಲಿ ಏಳರ ವೇಳೆ ಒಂದಕ್ಕೊಂದು ಕೂಡುವದಿಲ್ಲವೆಂಬುದೂ ಮಾತ್ರ ಊರಿಗೆಲ್ಲ ಗೊತ್ತು. ಕಿಸೆಯೊಳಗಿನ ಫೋನು ಕ್ಷಣ ತಪ್ಪದೆ ವೇಳೆ ಹೇಳುವ ಈ ಕಾಲದಲ್ಲಿ, ದಿನಾಲು ಮುಂಜಾನೆ ಚಾವಿ ಕೊಡಬೇಕಾದ ಯಂತ್ರಗಳಿಗೆ ಹಣ ಸುರಿಯುವದು ಎಂಥ ಜಾಣತನವೆಂದು ನನ್ನ ಮನೆಯವಳು ಕೇಳುತ್ತಾಳೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈ ಹುಚ್ಚು ಹತ್ತಿದುದು ಹೇಗೆಂಬುದನ್ನು ಮಾತ್ರ ವಾಚಕರಿಗೆ ಹೇಳಬಲ್ಲೆ.

ನಾನು ಕೂಡಿಸುವವು ಬಹುಮಟ್ಟಿಗೆ ಆಟದ ಗಡಿಯಾರಗಳು. ಎಂದರೆ ಬಯಲಿನಲ್ಲಿ, ನೀರಿನಲ್ಲಿ, ಬೆವರು ಧೂಳುಗಳಲ್ಲಿ ಬಾಳಲೆಂದು ಮಾಡಿದವು. ಇವುಗಳ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾಲುಂಟು. ಭಾರತದಲ್ಲಿ ಪೋಲೋ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಗಡಿಯಾರದ ಗಾಜುಗಳು ಆಟದಲ್ಲಿ ಪೆಟ್ಟು ತಿಂದು ಒಡೆಯುತ್ತಿದ್ದವು. ಆ ಗೋಳು ಸ್ವಿಟ್ಜರ್ಲಂಡಿನವರ ಕಿವಿಗೆ ಬಿದ್ದು, 1931ರಲ್ಲಿ ಮುಖವನ್ನೇ ಮಗುಚಿ ಒಳಗೆ ತಿರುಗಿಸಿಕೊಳ್ಳುವ ‘ರಿವರ್ಸೋ’ ಹುಟ್ಟಿತು. ಅದಕ್ಕೂ ಮೊದಲು, 1927ರ ಅಕ್ಟೋಬರದಲ್ಲಿ, ಮರ್ಸಿಡಿಸ್ ಗ್ಲೈಟ್ಸ್ ಎಂಬ ಆಂಗ್ಲ ಮಹಿಳೆಯು ರೋಲೆಕ್ಸ್ ಕಂಪನಿಯ ಗಡಿಯಾರವೊಂದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಈಜಿದಳು. ಚಳಿಗೆ ಆಕೆ ಅಂದು ದಡ ಮುಟ್ಟಲಿಲ್ಲ. ಗಡಿಯಾರ ಮಾತ್ರ ನಡೆದೇ ಇತ್ತು. ಇಂಥವನ್ನು ಕೊಳ್ಳುವ ಶಕ್ತಿ ನನ್ನ ಪಿಂಚಣಿಗಿಲ್ಲ. ನನ್ನ ಪಾಲಿಗಿರುವವು ಫಾವ್ರ್ ಲ್ಯೂಬಾ ಕಂಪನಿಯ ‘ಸೀ ಕಿಂಗ್’ ಮೊದಲಾದವು; ಅವುಗಳಿಗಿಂತಲೂ ಹೆಚ್ಚಾಗಿ ನಮ್ಮ ಬೆಂಗಳೂರಿನ ಎಚ್.ಎಂ.ಟಿ.ಗಳು.

ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್.ಎಂ.ಟಿ.ಯವರು 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದರು. ದುಡ್ಡಿದ್ದರೂ ಬೇಕೆಂದಾಗ ಅದು ಸಿಕ್ಕದ ಕಾಲವೊಂದಿತ್ತು. ನಮ್ಮ ತೀರ್ಥರೂಪರು ವ್ಯಾಯಾಮದ ಮಾಸ್ತರರಾಗಿದ್ದರು. 1974ರಲ್ಲಿ ರಾಯಚೂರಿಗೆ ನಾಲ್ಕು ಸಲ ತಿರುಗಿ ಒಂದು ‘ಪೈಲಟ್’ ತಂದರು. ಕರಿಯ ಮುಖ, ಕತ್ತಲಲ್ಲಿ ಹೊಳೆಯುವ ಅಂಕಿ, ಒಳಗೆ ಹದಿನೇಳು ಕಲ್ಲು. ಹೆಸರು ವಿಮಾನ ನಡೆಯಿಸುವವರದಾದರೂ ನಮ್ಮ ಮನೆಯಲ್ಲಿ ಅದು ಕಬಡ್ಡಿಯ ಗಡಿಯಾರವಾಯಿತು.

1979ರಲ್ಲಿ ಮಾನ್ವಿಯ ಕ್ರೀಡಾಕೂಟದಲ್ಲಿ ಆಟ ನಡೆದಿರುವಾಗಲೇ ದೊಡ್ಡ ಮಳೆ ಹೊಡೆಯಿತು. ಗಡಿಯಾರದೊಳಗೆ ನೀರು ಹೊಕ್ಕಿತು. ಅವ್ವ ಅದನ್ನು ಎರಡು ದಿನ ಜೋಳದ ಡಬ್ಬಿಯಲ್ಲಿ ಹೂತಿಟ್ಟಳು; ಮೂರನೆಯ ದಿನ ರಾಯಚೂರಿನಲ್ಲಿ ಬಿಚ್ಚಿಸಿ ಎಣ್ಣೆ ಹಾಕಿಸಿದ ಮೇಲೆ ನಡೆಯಿತು. ಆದರೆ ನಾಲ್ಕರ ಅಂಕಿಯ ಬದಿಗೆ ಹುಣಸೆಬೀಜದ ಬಣ್ಣದ ಒಂದು ಕಲೆ ಉಳಿಯಿತು. ಕಬಡ್ಡಿಯ ಅರ್ಧ ಆಟವೆಂದರೆ 20 ನಿಮಿಷ. ತಂದೆಯವರು ತಾಸಿಗೆ ಸರಿಯಾಗಿ ಆಟ ಸುರುಮಾಡುವರು. ಉದ್ದ ಮುಳ್ಳು ಕಲೆಯನ್ನು ಮುಟ್ಟಿದೊಡನೆ ಸೀಟಿ ಊದುವರು. ಕ್ರಮೇಣ ಮನೆಯಲ್ಲಿಯೂ ಅದೇ ರೂಢಿಯಾಯಿತು. “ಮುಳ್ಳು ಮಳಿಗೆ ಮುಟ್ಟಿತು, ಏಳ್ರಿನ್ನ” ಎಂದರೆ ನಾವು ಹುಡುಗರು ಪಾಟಿಚೀಲ ಹೆಗಲಿಗೇರಿಸಬೇಕು. ಅನ್ನ ಬೇಯುವದಕ್ಕೂ ಅವ್ವ ಮಳೆಯನ್ನೇ ನೋಡುತ್ತಿದ್ದಳು.

ತಂದೆಯವರು 2011ರಲ್ಲಿ ತೀರಿಕೊಂಡರು. ವರ್ಷಾಂತಿಕ ಹತ್ತಿರ ಬಂದಾಗ, ಗಡಿಯಾರವನ್ನು ಹೊಸದರಂತೆ ಮಾಡಿಸಿ ಅವ್ವನ ಕೈಗೆ ಕೊಡಬೇಕೆಂಬ ವಿಚಾರ ನನಗೆ ಬಂದಿತು. ಪಟ್ಟಣದ ಒಬ್ಬ ಕೆಲಸಗಾರನಿಗೆ ಒಪ್ಪಿಸಿದೆನು. ಅವನು ಕವಚಕ್ಕೆ ಮೆರುಗು ಕೊಟ್ಟು, ಗಾಜು ಬದಲಿಸಿ, ಮುಖಕ್ಕೆ ಬಣ್ಣ ಹೊಡೆಯಿಸಿ ಕೊಟ್ಟನು. ನಾನು ಕೇಳಿದುದನ್ನೇ ಮಾಡಿದನು, ತಪ್ಪು ಅವನದಲ್ಲ. ಥಳಥಳಿಸುವ ಗಡಿಯಾರವನ್ನು ಅವ್ವನ ಮುಂದೆ ಹಿಡಿದಾಗ ನನಗೆ ಎಷ್ಟು ಹಿಗ್ಗೆಂದು ಹೇಳಲಿ! ಆಕೆ ಅದನ್ನು ಕಣ್ಣಿನ ಹತ್ತಿರ ತಂದು, ಬೆರಳಿನಿಂದ ಗಾಜು ಒರೆಸಿ, ಮತ್ತೆ ನೋಡಿದಳು.

“ಯಪ್ಪಾ, ಮಳಿ ಎಲ್ಲಿ ಹೋತು?”

ಮರುದಿನವೇ ಓಡಿದೆನು, ಹಳೆಯ ಮುಖವನ್ನಾದರೂ ಇಸಿದುಕೊಳ್ಳೋಣವೆಂದು. ಹಳೆಯದು, ಹೊಸದು ಎಂದು ಎರಡಿರುವದಿಲ್ಲವಂತೆ. ಅದೇ ತಗಡಿನ ಬಣ್ಣವನ್ನು ಪೂರ ಕೆರೆದು ಅದರ ಮೇಲೆಯೇ ಹೊಸದಾಗಿ ಅಚ್ಚು ಒತ್ತುತ್ತಾರೆ. ಮೂವತ್ತಮೂರು ವರ್ಷ ಉಳಿದ ಮಳೆಯನ್ನು ನಾನೇ ಹಣ ಕೊಟ್ಟು ತೊಳೆಯಿಸಿದ್ದೆನು.

ಅಂದಿನಿಂದ ಹಿಡಿದುದು ಈ ಹುಚ್ಚು. ಮೊದಲು ಅಂಥದೇ ಪೈಲಟ್ ಹುಡುಕಹೊರಟೆನು, ಅಂಥದೇ ಕಲೆ ಸಿಕ್ಕೀತೆಂಬಂತೆ! ಹುಡುಕುತ್ತ ಮುಖ ಓದುವದನ್ನು ಕಲಿತೆನು. ಬಣ್ಣ ಹೊಡೆದ ಮುಖದಲ್ಲಿ ಅಕ್ಷರಗಳ ಅಂಚು ಕದಡಿರುವದು. ನಿಮಿಷದ ಗೆರೆಗಳು ಅಂಕಿಗಳಿಗೆ ನೇರ ಕೂಡುವದಿಲ್ಲ. ಕವಚವು ಸವೆದು ಮುದಿಯಾಗಿದ್ದರೂ ಮುಖ ಮಾತ್ರ ನಿನ್ನೆಯದಾಗಿರುವದು. ಇನ್ನೊಂದು ಮಾತು: ಬಹಳ ಹಳೆಯ ವಿದೇಶೀ ಗಡಿಯಾರಗಳ ಹೊಳೆಯುವ ಅಂಕಿಗಳಲ್ಲಿ ರೇಡಿಯಂ ಇರುವ ಸಂಭವವುಂಟು. ಹೊಳಪು ಆರಿದರೂ ಅದರ ವಿಷ ಆರುವದಿಲ್ಲ. ಮನೆಯಲ್ಲಿ ಅಜ್ಜನದೊಂದು ಇದ್ದರೆ ಅದನ್ನು ಬಿಚ್ಚಿ ಕೆರೆಯಬಾರದು, ಮಕ್ಕಳ ಕೈಗೂ ಕೊಡಬಾರದು.

ಬೆಂಗಳೂರಿನ ಆ ಗಡಿಯಾರದ ಉದ್ಯೋಗವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ನಿರ್ಧರಿಸಿತು. ಒಡನೆಯೇ ಹಳೆಯ ಪೈಲಟ್‌ಗಳಿಗೆ ಗಿರಾಕಿಗಳು ಮುತ್ತಿದರು. ಬಣ್ಣ ಹೊಡೆಯುವವರಿಗೂ ಕೆಲಸ ಹೆಚ್ಚಿತು. 2017ರಲ್ಲಿ ಅಮೇರಿಕದ ನಟ ಪಾಲ್ ನ್ಯೂಮನ್ನನ ಕೈಗಡಿಯಾರ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತೆಂದು ಓದಿ ನನ್ನ ಮನೆಯವಳಿಗೆ ತೋರಿಸಿದೆನು. ಕಾರು ಓಡಿಸುವ ಪಂದ್ಯದ ಹುಚ್ಚಿದ್ದ ಗಂಡನಿಗೆ ಜೋಪಾನವಾಗಿ ನಡೆಸೆಂದು ಹೆಂಡತಿ ಅದರ ಬೆನ್ನಿನ ಮೇಲೆ ಕೊರೆಯಿಸಿದ್ದಳು. “ಆ ಅಕ್ಷರ ಒರೆಸಿ ಮೆರುಗು ಕೊಡಿಸಿದ್ದರ ಎಷ್ಟು ಬರ್ತಿತ್ತರೀ?” ಎಂದಳು. ಆಕೆಯ ನಾಲಿಗೆ ಸ್ವಲ್ಪ ಹರಿತ.

ಹೋದ ತಿಂಗಳು ದೇವದುರ್ಗದ ಕಡೆಯ ಒಬ್ಬ ಒಕ್ಕಲಿಗರ ಮನೆಯಲ್ಲಿ ಒಂದು ಸೀ ಕಿಂಗ್ ಇದೆಯೆಂದು ಕೇಳಿ ಹೋಗಿದ್ದೆನು. ಮುಖದ ಎಡಬದಿಗೆ ಕಂದಿದ ಕಲೆ ಹರಡಿತ್ತು. ಮನೆಯ ಹುಡುಗನು ನಾಚಿಕೊಂಡು, “ಎಂಟು ದಿನ ತಡೀರಿ ಸರ, ಬಣ್ಣ ಹೊಡೆಸಿ ಕೊಡ್ತೀನಿ” ಎಂದನು. ಬೇಡವೇ ಬೇಡವೆಂದು ಕೇಳಿದಷ್ಟು ಕೊಟ್ಟು ಬಸ್ಸು ಹತ್ತಿದೆನು.

ಅವ್ವನಿಗೆ ಈಗ ಎಂಬತ್ತೆಂಟು. ಬಿಸಿಲಿಗೆ ಕುಳಿತು ಅದನ್ನು ಬಹಳ ಹೊತ್ತು ತಿರುವಿ ತಿರುವಿ ನೋಡಿದಳು.

“ಇದು ಯಾವ ಮಳಿ?” ಎಂದು ಕೇಳಿದಳು.

ನಾನು ಅದನ್ನು ವಿಚಾರಿಸಿರಲಿಲ್ಲ.

“ಕೇಳಿಕೊಂಡು ಬಾ, ಹೋಗು,” ಎಂದು ಗಡಿಯಾರವನ್ನು ತನ್ನ ಉಡಿಯಲ್ಲಿಯೇ ಇಟ್ಟುಕೊಂಡಳು. ಮರುದಿನ ಮುಂಜಾನೆ ನಾನು ಮತ್ತೆ ದೇವದುರ್ಗದ ಬಸ್ಸಿಗೆ ಹೋಗಿ ನಿಂತೆನು.