ಹತ್ತನೆಯವರು ಯಾರು?



ಯಹೂದಿ ಧರ್ಮದಲ್ಲಿ ‘ಮಿನ್ಯಾನ್’ ಎಂಬ ಒಂದು ನಿಯಮವಿದೆ. ತಮ್ಮ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಸಭೆಯಲ್ಲಿ ಬಿಚ್ಚಿ ಓದಬೇಕಾದರೆ, ತೀರಿಕೊಂಡ ತಂದೆತಾಯಿಗಳಿಗಾಗಿ ‘ಕದ್ದೀಶ್’ ಎಂಬ ಪ್ರಾರ್ಥನೆಯನ್ನು ಸಲ್ಲಿಸಬೇಕಾದರೆ, ಹತ್ತು ಮಂದಿ ವಯಸ್ಕರು ಅಲ್ಲಿ ಕೂಡಿರಲೇಬೇಕು. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು; ಹತ್ತನೆಯವನು ಅಕ್ಷರ ಬಾರದ ಕೂಲಿಕಾರನಾದರೂ ಸಾಕು.

ಈ ಸಂಗತಿ ನನ್ನ ಮನಸ್ಸಿನಲ್ಲಿ ನಿಲ್ಲಲು ಕಾರಣನಾದವನು ಮುಂಬೈಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿ. ಅವನ ನೆರೆಮನೆಯಲ್ಲಿ ಒಬ್ಬ ಯಹೂದಿ ಗೃಹಸ್ಥರಿದ್ದಾರೆ. ಬಹುಕಾಲ ಅವರು ಹಬ್ಬಕ್ಕೊಮ್ಮೆ ಮಾತ್ರ ತಮ್ಮ ಪ್ರಾರ್ಥನಾಮಂದಿರಕ್ಕೆ ಹೋಗುತ್ತಿದ್ದರಂತೆ. ಒಮ್ಮೆ ಯಾರದೋ ತಾಯಿ ತೀರಿಕೊಂಡಾಗ ಒಂಬತ್ತು ಜನ ಕೂಡಿ, ಹತ್ತನೆಯವರಿಲ್ಲದೆ ಇವರನ್ನು ಕರೆಸಿದರು. ತಾನು ಬಂದು ಸುಮ್ಮನೆ ನಿಂತದ್ದರಿಂದಲೇ ಒಬ್ಬ ಮಗನಿಗೆ ತಾಯಿಯ ಋಣ ಸಲ್ಲಿಸಲು ಸಾಧ್ಯವಾಯಿತೆಂಬುದನ್ನು ಕಂಡ ಅವರು, ಅಂದಿನಿಂದ ವಾರ ತಪ್ಪಿಸಿಲ್ಲವಂತೆ.

ಈ ಜನ ನಮಗೆ ತೀರ ದೂರದವರೇನಲ್ಲ. ‘ಬೆನೆ ಇಸ್ರೇಲ್’ ಎಂದು ಕರೆಯಿಸಿಕೊಳ್ಳುವ ಇವರು ಶತಮಾನಗಳ ಕಾಲ ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತ ಬದುಕಿದವರು. ಶನಿವಾರ ಮಾತ್ರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಇವರನ್ನು ‘ಶನಿವಾರ ತೇಲಿ’ ಎಂದರು. ತೇಲಿ ಎಂದರೆ ಗಾಣಿಗ. ಮನೆಮಾತು ಮರಾಠಿ. ಪಟವರ್ಧನರ ಆಳ್ವಿಕೆ ಕಂಡ ನಮ್ಮ ಜಮಖಂಡಿಯ ಹಿರಿಯರಿಗೆ ಆ ಮಾತು ಚೆನ್ನಾಗಿ ತಿಳಿಯುತ್ತಿತ್ತು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ, ಹಣ್ಣುಗಳನ್ನಿಟ್ಟು ಅವರು ಮಾಡುವ ಪೂಜೆಗೆ ‘ಮಲೀದಾ’ ಎಂದು ಹೆಸರು. ಮೊಹರಂ, ಉರುಸು ಕಂಡ ನಮ್ಮ ಭಾಗದವರಿಗೆ ಈ ಪದ ಹೊಸದಲ್ಲ. ಮುಂಬೈಯಲ್ಲಿ 1796ರಲ್ಲಿ ಅವರ ಮೊದಲ ಮಂದಿರವನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದು, ಟಿಪ್ಪು ಸುಲ್ತಾನನ ಸೆರೆಯಿಂದ ಪಾರಾಗಿ ಬಂದವರು ಎಂಬ ಕಥೆ ಆ ಸಮುದಾಯದಲ್ಲಿ ಪ್ರಚಲಿತವಾಗಿದೆ.

1948ರಲ್ಲಿ ಇಸ್ರೇಲ್ ದೇಶ ಸ್ಥಾಪನೆಯಾದ ಮೇಲೆ ಬಹುಪಾಲು ಜನ ಅಲ್ಲಿಗೆ ತೆರಳಿದರು. ಇಂದು ಇಡೀ ಭಾರತದಲ್ಲಿ ಯಹೂದಿಗಳು ಸುಮಾರು ಐದು ಸಾವಿರ ಮಂದಿ ಇರಬಹುದೆಂದು ಅಂದಾಜು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇಂದಿಗೂ ಸುಂದರವಾಗಿ ನಿಂತಿದೆ; ಆದರೆ ಹೊರಗಿನಿಂದ ಬಂದವರು ಸೇರದಿದ್ದರೆ ಅಲ್ಲಿ ಹತ್ತು ಜನ ಕೂಡುವುದಿಲ್ಲ. ಕಟ್ಟಡ ಉಳಿದರೆ ಸಮುದಾಯ ಉಳಿದಂತಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹುಟ್ಟಿನಿಂದ ಬಂದದ್ದನ್ನು ಮತ್ತೆ ಆರಿಸಿಕೊಳ್ಳುವುದೆಂದರೇನು? ಇದಕ್ಕೆ ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ಮಹಿಳೆ ಉತ್ತರವಾಗಿದ್ದಾರೆ. ಡಾ. ಜೆರೂಷಾ ಝಿರಾಡ್ 1890ರಲ್ಲಿ ಶಿವಮೊಗ್ಗದಲ್ಲಿ ಜನಿಸಿದ ಬೆನೆ ಇಸ್ರೇಲ್ ಹೆಣ್ಣುಮಗಳು. ಲಂಡನ್ನಿನಲ್ಲಿ ಉನ್ನತ ವೈದ್ಯಶಿಕ್ಷಣ ಪಡೆದು, ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ದುಡಿದು, 1966ರಲ್ಲಿ ಪದ್ಮಶ್ರೀ ಪಡೆದವರು. ಇಷ್ಟು ಕೆಲಸವಿದ್ದವರು ಸಮುದಾಯದ ಉಸಾಬರಿ ತನಗೇಕೆ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ಲಂಡನ್ನಿನಲ್ಲಿ ಕಂಡ ಉದಾರವಾದಿ ಯಹೂದಿ ವಿಚಾರವನ್ನು ತಂದು, 1925ರಲ್ಲಿ ಮುಂಬೈಯಲ್ಲಿ ‘ಜ್ಯೂಯಿಶ್ ರಿಲಿಜಿಯಸ್ ಯೂನಿಯನ್’ ಸ್ಥಾಪಿಸಿದವರಲ್ಲಿ ಒಬ್ಬರಾದರು. ಸಂಪ್ರದಾಯದಂತೆ ಹತ್ತರ ಲೆಕ್ಕದಲ್ಲಿ ಗಂಡಸರು ಮಾತ್ರ ಸೇರುತ್ತಾರೆ. ಅಂಥ ಧರ್ಮದಲ್ಲಿ ಒಬ್ಬ ಹೆಣ್ಣುಮಗಳು ಲೆಕ್ಕಕ್ಕೆ ಬಾರದಿದ್ದರೂ ಹೊರಗೆ ನಿಲ್ಲದೆ, ಒಳಗೆ ಬಂದು ಜಾಗವನ್ನೇ ವಿಸ್ತರಿಸಿದರು. ದೆಹಲಿಯ ಜೂಡಾ ಹಯಾಂ ಸಿನಗಾಗ್‌ನಲ್ಲಿ ಇಂದು ಹೆಂಗಸರನ್ನೂ ಎಣಿಕೆಗೆ ಸೇರಿಸಿಕೊಳ್ಳುತ್ತಾರೆ. ಅವರ ಸಮುದಾಯನಿಷ್ಠೆ ಗೋಡೆಯಾಗಲೂ ಇಲ್ಲ. ಅವರ ಆಸ್ಪತ್ರೆಗೆ ಬಂದ ಬಾಣಂತಿಯರು ಎಲ್ಲ ಜಾತಿಮತದವರು.

ತರಗತಿಯಲ್ಲಿ ರನ್ನನನ್ನು ಪಾಠ ಮಾಡುವಾಗ ಅತ್ತಿಮಬ್ಬೆಯ ಕುರಿತು ನಾನು ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ನಮ್ಮ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಾಕೆ ಅವಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡವಳು. ಮನೆಯೊಳಗೆ ಕುಳಿತು ವ್ರತ ಮಾಡಿಕೊಂಡಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಜೈನಳಾಗಿ ಹುಟ್ಟಿದ್ದು ಅವಳ ಆಯ್ಕೆಯಲ್ಲ. ಆ ಸಾವಿರ ಪ್ರತಿ ಅವಳ ಆಯ್ಕೆ.

ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಶ್ರಾವಣ ಬಂದರೆ ಪುರಾಣ, ಭಜನೆ. ಮಗ್ಗ ನಿಂತ ಕೂಡಲೇ ತಾಳ ಕೈಗೆ ಬರುತ್ತಿತ್ತು. ಬಾರದವನನ್ನು ಮರುದಿನ ಓಣಿಯೇ ಕೇಳುತ್ತಿತ್ತು. ಆ ಕೇಳುವಿಕೆಯಲ್ಲಿ ಅಕ್ಕರೆಯೂ ಇತ್ತು, ಬಿಗಿಯೂ ಇತ್ತು. ಈಗ ನೀವು ಬೆಂಗಳೂರು, ಪುಣೆ, ಅಮೆರಿಕಗಳಲ್ಲಿದ್ದೀರಿ. ಬಂದಿರಾ ಎಂದು ಕೇಳುವವರಿಲ್ಲ. ಈ ಸ್ವಾತಂತ್ರ್ಯವನ್ನು ನಾನು ಹಳಿಯುವುದಿಲ್ಲ. ಒತ್ತಾಯವಿಲ್ಲದೆ ಬಂದವನ ಭಜನೆಗೆ ಹೆಚ್ಚಿನ ಬೆಲೆಯಿದೆ. ಆದರೆ ಕೇಳುವವರಿಲ್ಲವೆಂದಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಇಂದು ಓಣಿಯ ಭಜನೆಗೆ ಐದಾರು ಜನ ಮುದುಕರು ಕೂಡುತ್ತೇವೆ. ನಮ್ಮಲ್ಲಿ ಹತ್ತರ ನಿಯಮವಿಲ್ಲ. ಆದ್ದರಿಂದಲೇ ಎಷ್ಟು ಜನ ಕಡಿಮೆಯಾದರೆಂಬುದನ್ನು ಯಾರೂ ಎಣಿಸುವುದಿಲ್ಲ.

ಯಾವ ಬಾಗಿಲಿಗೆ ಹೋಗಬೇಕೆಂಬುದನ್ನು ನಾನು ನಿಮಗೆ ಹೇಳಲಾರೆ. ಮಠವೋ, ಬಸದಿಯೋ, ಮಸೀದಿಯೋ, ಕನ್ನಡ ಸಂಘವೋ, ಹುಟ್ಟೂರಿನ ವಾಚನಾಲಯವೋ ಆಗಬಹುದು. ನಿಮ್ಮದೆಂದು ನೀವು ಹೇಳಿಕೊಳ್ಳುವ ಯಾವುದಾದರೂ ಒಂದು ಕಡೆ, ಪಟ್ಟಿ ಕೊಟ್ಟು ಕೈತೊಳೆದುಕೊಳ್ಳದೆ, ಹೋಗಿ ಕುಳಿತುಕೊಳ್ಳಿ. ಜಮಖಾನೆ ಹಾಸುವ, ಲೆಕ್ಕ ಬರೆಯುವ, ಬಂದವರಿಗೆ ನೀರು ಕೊಡುವ ಒಂದು ಕೆಲಸವನ್ನು ವಹಿಸಿಕೊಳ್ಳಿ. ಅಲ್ಲಿ ಒಂಬತ್ತು ಮಂದಿ ಬಾಗಿಲ ಕಡೆ ನೋಡುತ್ತ ಕುಳಿತಿರಬಹುದು.