ಕಾರುಗಳಿವೆ, ಓಡಿಸುವವರು ಬೇಕು

ನಮ್ಮ ವಾರ್ಡಿನಲ್ಲಿ ಕಾರಿಗೆ ಬರವಿಲ್ಲ, ಓಡಿಸುವವರಿಗೆ ಬರ. ಕಾರು ಕೊಂಡ ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಮನೆಯಲ್ಲಿ ಅಜ್ಜ, ಅಜ್ಜಿ. ಶೆಡ್ಡಿನಲ್ಲಿ ಟರ್ಪಾಲು ಹೊದ್ದ ಕಾರು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮಂಜೇಶ್ವರದ ಕಡೆಯ ನಮಗೆ ಮಂಗಳೂರಿನ ಆಸ್ಪತ್ರೆಗಳೇ ಗತಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಎಲ್ಲರಿಗೂ ತಿಳಿಯಿತು. ಈಗ ದಾರಿ ತೆರೆದಿದೆ, ಕಾರೂ ಇದೆ. ಅದಕ್ಕೇ ನಾವು ನಾಲ್ವರು ಒಟ್ಟಿಗೆ ಡ್ರೈವಿಂಗ್ ಕಲಿಯಲು ಸೇರಿದೆವು.

ಹದಿನೆಂಟು ತುಂಬಿದವರಿಗೆ ಲರ್ನರ್ಸ್ ಸಿಗುತ್ತದೆ. ಅದು 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ನಮ್ಮ ಆಶಾನ್ ಮಲಯಾಳದಲ್ಲಿ ಕಲಿಸಿ ತುಳುವಿನಲ್ಲಿ ಗದರುವವರು. ಮೊದಲ ವಾರವೆಲ್ಲ ಅವರ ಬಾಯಲ್ಲಿ ಕ್ಲಚ್ ಒಂದೇ. ಇಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಎರಡನ್ನೂ ಕೂಡಿಸುವುದು ಕ್ಲಚ್. ಪಕ್ಕನೆ ಬಿಟ್ಟರೆ ಭಾರ ಎಳೆಯಲಾಗದೆ ಇಂಜಿನ್ ಆಫ್. ಮೆಲ್ಲ ಬಿಡುತ್ತಾ ಬಂದರೆ ಒಂದು ಕಡೆ ಕಾರು ಸಣ್ಣಗೆ ನಡುಗುತ್ತದೆ, ಇಂಜಿನಿನ ಸದ್ದು ತಗ್ಗುತ್ತದೆ. ಕಾಲು ಅಲ್ಲೇ ನಿಲ್ಲಬೇಕು. ನಮ್ಮ ಗುಡ್ಡದ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಡುವುದೂ ಆ ನಡುಕ ಬಂದ ಮೇಲೆಯೇ; ಇಲ್ಲದಿದ್ದರೆ ಕಾರು ಹಿಂದಕ್ಕೆ ಜಾರುತ್ತದೆ.

ನಮ್ಮಲ್ಲಿ ಒಬ್ಬಳಿಗೆ ಸ್ಟಿಯರಿಂಗ್ ಮುಟ್ಟಿದರೆ ಕೈ ನಡುಗುತ್ತಿತ್ತು. ಅವಳ ಅಪ್ಪ ತೀರಿಕೊಂಡದ್ದು ರಸ್ತೆ ಅಪಘಾತದಲ್ಲಿ. "ನಂಗೆ ಬೇಡ ಮಾರಾಯ್ರೇ" ಎಂದವಳನ್ನು ನಾವು ಒತ್ತಾಯಿಸಲಿಲ್ಲ. ಅವಳ ಸರದಿಯಲ್ಲಿ ಹಿಂದಿನ ಸೀಟಿನಲ್ಲಿ ಮಾತಿಲ್ಲದೆ ಕೂತೆವು, ಅಷ್ಟೇ. ಎರಡು ವಾರ ಅವಳು ಫಸ್ಟ್ ಗೇರಿನಲ್ಲೇ ಮೈದಾನ ಸುತ್ತಿದಳು. ಆಶಾನ್ ಅವಳಿಗೆ ಒಮ್ಮೆಯೂ ಗದರಲಿಲ್ಲ.

ಕೇರಳದ ಟೆಸ್ಟಿನಲ್ಲಿ 'ಎಚ್' ಹಾಕಬೇಕು. ನೆಟ್ಟ ಕಂಬಗಳ ನಡುವೆ ಎಚ್ ಅಕ್ಷರದ ಹಾಗೆ ಮುಂದಕ್ಕೂ ಹಿಂದಕ್ಕೂ ಓಡಿಸಬೇಕು, ಕಂಬಕ್ಕೆ ತಾಗಬಾರದು. ಹಿಂದೆ ಬರುವಾಗ ಅವಸರ ಮಾಡುವವರೇ ಕಂಬ ಬೀಳಿಸುವುದು. ಅವಸರವೇ ಗೊತ್ತಿಲ್ಲದ ಅವಳು ಮೊದಲ ಸಲಕ್ಕೇ ಪಾಸಾದಳು. ಹೆದರಿಕೆ ಪೂರ್ತಿ ಹೋಗಿದೆಯೇ ಎಂದು ಕೇಳಿದರೆ, "ಸ್ವಲ್ಪ ಇರಲಿ, ಒಳ್ಳೆಯದೇ" ಅನ್ನುತ್ತಾಳೆ. ನಮಗೂ ಹಾಗೇ ಅನಿಸುತ್ತದೆ.

ಸುವಾರ್ತೆಯ ಒಳ್ಳೆಯ ಸಮಾರಿಯದವನು ಗಾಯಾಳುವನ್ನು ಕಂಡು ಮರುಗಿದ್ದಷ್ಟೇ ಅಲ್ಲ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಮುಟ್ಟಿಸಿದ. ಮುಟ್ಟಿಸಬೇಕಾದರೆ ಓಡಿಸಲು ಬರಬೇಕು. ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆಯೂ ಇದೆ.

ನಮ್ಮ ನಾಲ್ವರ ಫೋನ್ ನಂಬರ್ ಗುರಿಕಾರರ ಹತ್ತಿರ ಇದೆ. ಶೆಡ್ಡಿನಲ್ಲಿ ಕಾರು ಇರುವವರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸಿ, ಟಯರಿನ ಗಾಳಿ ನೋಡಿಸಿ, ಕೀಲಿ ಎಲ್ಲಿದೆಯೆಂದು ಅಜ್ಜಿಗೆ ಹೇಳಿಡಿ. ಹದಿನೆಂಟಾದವರು ಬನ್ನಿ, ಹಿಂದಿನ ಸೀಟಿನಲ್ಲಿ ನಾವು ಕೂರುತ್ತೇವೆ.