ಅರಮನೆ ಮೈದಾನದಲ್ಲಿ ಅಪ್ಪ, ಮಗ ಮತ್ತು ಮೆಟಾಲಿಕಾ

ಬೆಂಗಳೂರಿನ ಮೇಖ್ರಿ ವೃತ್ತದಿಂದ ವಸಂತನಗರದ ಕಡೆಗೆ ಹಬ್ಬಿರುವ ಅರಮನೆ ಮೈದಾನಕ್ಕೆ ಎರಡು ಚರಿತ್ರೆಗಳುಂಟು. ಮೊದಲನೆಯದು ಅರಸರದು. ಪಾದ್ರಿಯೂ ಶಿಕ್ಷಕರೂ ಆಗಿದ್ದ ಗ್ಯಾರೆಟ್ ಎಂಬುವರ ಆಸ್ತಿಯನ್ನು 1873ರಲ್ಲಿ ಮೈಸೂರು ರಾಜಮನೆತನಕ್ಕಾಗಿ ಕೊಂಡದ್ದು, ಇಂಗ್ಲೆಂಡಿನ ಕೋಟೆಗಳ ಮಾದರಿಯ ಅರಮನೆ ತಲೆಯೆತ್ತಿದ್ದು, 1996ರ ಸ್ವಾಧೀನ ಕಾಯ್ದೆಯಿಂದಾಗಿ ಸುಮಾರು 450 ಎಕರೆಯ ಈ ನೆಲ ನ್ಯಾಯಾಲಯದ ಮೆಟ್ಟಿಲೇರಿದ್ದು ಇವೆಲ್ಲ ದಾಖಲೆಗಳಲ್ಲಿವೆ. ಎರಡನೆಯ ಚರಿತ್ರೆ ಸಂಗೀತದ್ದು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡ ಹಾಡಿದ್ದು ಇದೇ ಬಯಲಿನಲ್ಲಿ. ಈ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಕೇಳಿದವರ ನೆನಪಿನಲ್ಲಿ.

ಅಂಥ ಒಂದು ನೆನಪು 2011ರ ಅಕ್ಟೋಬರ್ 30, ಭಾನುವಾರದ್ದು. ಅಮೆರಿಕದ ‘ಮೆಟಾಲಿಕಾ’ ತಂಡ ಅಂದು ಮೊದಲ ಬಾರಿಗೆ ಭಾರತದಲ್ಲಿ ನುಡಿಸಲಿತ್ತು. ಅದಕ್ಕೆ ಎರಡು ದಿನ ಮೊದಲು ದೆಹಲಿಯ ಪಕ್ಕದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ಕೊನೆ ಗಳಿಗೆಯಲ್ಲಿ ರದ್ದಾಗಿ, ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿ ದಾಂಧಲೆ ಮಾಡಿದ್ದರು. ದೀಪಾವಳಿ ರಜೆಗೆಂದು ದಾವಣಗೆರೆಯ ಮನೆಗೆ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಆ ಸುದ್ದಿ ಓದುವ ಹೊತ್ತಿಗೆ ಅವನ ಅಪ್ಪನೂ ಅದನ್ನು ಓದಿಯಾಗಿತ್ತು. ಜೊತೆಗೆ ಹೊರಡಬೇಕಿದ್ದ ಗೆಳೆಯನನ್ನು ಅವನ ಮನೆಯವರು ತಡೆದರು. ಕೈಯಲ್ಲಿ ಒಂದು ಟಿಕೆಟ್ಟು ಉಳಿಯಿತು.

“ಹಂಗಾರೆ ಆ ಟಿಕೆಟ್ಟಿಗೆ ನಾನು ಬರ್ತೀನಿ” ಎಂದರು ಅಪ್ಪ.

ಮಗನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇರಲಿಲ್ಲ. ಅಪ್ಪ ಹದಿನಾರು ವರ್ಷ ಹತ್ತಿ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಗಿರಣಿ ಮುಚ್ಚಿತು, ಆದರೆ ಅದರ ಸದ್ದು ಅವರ ಕಿವಿಯ ಅರ್ಧವನ್ನು ತಿಂದುಹಾಕಿತ್ತು. ನಮ್ಮ ಒಳಗಿವಿಯ ಶಂಖದಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಜೀವಕೋಶಗಳಿವೆ. ಅತಿಯಾದ ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚು ದನಿಗಳನ್ನು ಕೇಳುವ ಶಕ್ತಿ. ಆದ್ದರಿಂದಲೇ ಅವರಿಗೆ ಮಾತಿನ ದನಿ ಕೇಳುತ್ತಿತ್ತು, ಅಕ್ಷರಗಳು ಸ್ಪಷ್ಟವಾಗುತ್ತಿರಲಿಲ್ಲ. ಹೊರಡುವ ಮುನ್ನ ಅವರು ಹಾಕಿದ ಷರತ್ತು ಒಂದೇ: ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ಗುಗಳನ್ನು ಇಬ್ಬರೂ ಹಾಕಿಕೊಳ್ಳಬೇಕು.

ಷರತ್ತು ಅತಿಯಾದುದೇನಲ್ಲ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಮುಟ್ಟುವಾಗ ಉಳಿಯುವುದು ಸುಮಾರು ಹದಿನೈದೇ ನಿಮಿಷ. ರಾಕ್ ಕಛೇರಿಗಳು ಈ ಮಟ್ಟವನ್ನು ಸುಲಭವಾಗಿ ದಾಟುತ್ತವೆ. ಮೆಟಾಲಿಕಾದ ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಅವರೇ ತಮ್ಮ ಕಿವಿಯೊಳಗೆ ನಿಲ್ಲದೆ ಮೊರೆಯುವ ಸದ್ದಿನ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಮಳೆ ಬಿದ್ದು ಮೈದಾನ ಕೆಸರಾಗಿತ್ತು. ಕಪ್ಪು ಅಂಗಿ ತೊಟ್ಟ ಹುಡುಗರ ನಡುವೆ ಬಿಳಿ ಅಂಗಿ, ಕೈಯಲ್ಲಿ ಚಪ್ಪಲಿ ಹಿಡಿದ ಅಪ್ಪ ಒಬ್ಬರೇ. ಯಾರೂ ನಗಲಿಲ್ಲ. ಒಬ್ಬ ಹುಡುಗ “ಅಂಕಲ್, ಇಲ್ಲಿ ಗಟ್ಟಿ ನೆಲ ಇದೆ, ಬನ್ನಿ” ಎಂದು ಜಾಗ ಬಿಟ್ಟುಕೊಟ್ಟ.

ಕತ್ತಲಾದ ಮೇಲೆ, ಇಟಲಿಯ ಎನಿಯೊ ಮೊರಿಕೋನೆ ಹಳೆಯ ಚಲನಚಿತ್ರವೊಂದಕ್ಕೆ ರಚಿಸಿದ ಸಂಗೀತ ತೇಲಿಬಂತು. 1983ರಿಂದ ಈ ತಂಡ ವೇದಿಕೆಗೆ ಬರುವುದು ಆ ಸಂಗೀತದೊಂದಿಗೇ. ಅದು ಮುಗಿಯುತ್ತಲೇ ಮೈದಾನವೆಲ್ಲ ಒಂದೇ ಕೂಗಾಯಿತು. ವೇದಿಕೆಯಿಂದ ನೂರು ಮೀಟರ್ ದೂರದಲ್ಲಿ ನಿಂತವರಿಗೆ ಬೆಳಕು ತಕ್ಷಣ ಕಾಣುತ್ತದೆ. ಆದರೆ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ಅಲ್ಲಿಗೆ ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡ. ಡ್ರಮ್ಮಿನ ಮೇಲೆ ಕೋಲು ಬಿದ್ದದ್ದು ಕಂಡ ಮೇಲೆ ಪೆಟ್ಟು ಬಂದು ಎದೆಗೆ ತಾಗುತ್ತದೆ. ಮಂದ್ರದ ಆ ಸದ್ದಿನ ಅಲೆಯ ಉದ್ದ ಐದಾರು ಮೀಟರ್. ಅದನ್ನು ಕಿವಿ ಕೇಳುವುದಷ್ಟೇ ಅಲ್ಲ, ಮೈಯೂ ಕೇಳುತ್ತದೆ.

ಅಪ್ಪ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು. ಮಗ ಗಾಬರಿಯಿಂದ ಬಗ್ಗಿ ನೋಡಿದ. ಅವರು ನಗುತ್ತಿದ್ದರು.

“ನಮ್ಮ ಬೀರಪ್ಪನ ಗುಡಿ ಮುಂದೆ ಡೊಳ್ಳು ಬಾರ್ಸುವಾಗ ಹಿಂಗೇ ಆಗ್ತಿತ್ತು ಕಣೋ!” ಎಂದು ಕೂಗಿದರು. ಹರೆಯದಲ್ಲಿ ಅವರು ಡೊಳ್ಳಿನ ಮೇಳದಲ್ಲಿದ್ದರು. ಗಿರಣಿ ಸೇರಿದ ಮೇಲೆ ಬಿಟ್ಟಿದ್ದರು. ಮಾತು ಕೇಳದ ಕಿವಿಯ ಮನುಷ್ಯನಿಗೆ ಎಷ್ಟೋ ವರ್ಷಗಳ ನಂತರ ಒಂದು ತಾಳ ಪೂರ್ತಿಯಾಗಿ ಸಿಕ್ಕಿತ್ತು.

ಮಗನ ಕಥೆ ಬೇರೆ. ಎರಡನೆಯ ಸೆಮಿಸ್ಟರಿನ ಗಣಿತದಲ್ಲಿ ಅವನು ಫೇಲಾಗಿದ್ದ. ಅದನ್ನು ಮನೆಗೆ ಹೇಳಿರಲಿಲ್ಲ. ಹಾಸ್ಟೆಲಿನಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ್ದು ಇದೇ ತಂಡವನ್ನು. ಹದಿನಾರರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ತನ್ನ ನೋವನ್ನೇ ಹಾಡಾಗಿಸಿದ್ದಾನೆಂಬುದು ಅವನಿಗೆ ಗೊತ್ತಿತ್ತು. 1991ರ ಧ್ವನಿಮುದ್ರಿಕೆಯ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಆರಂಭವಾದಾಗ ಗಿಟಾರಿನ ಸಣ್ಣ ಮೀಟಿನ ಮೇಲೆ ಸಾವಿರಾರು ಕಂಠಗಳು ಒಂದಾದವು. ಒಬ್ಬನೇ ಅಳುತ್ತಾ ಕೇಳಿದ್ದ ಹಾಡು ಇಷ್ಟೊಂದು ಜನರದೂ ಹೌದೆಂದು ಅವನಿಗೆ ಅಂದು ತಿಳಿಯಿತು. ಭಜನೆಯಲ್ಲಿ, ಜಾತ್ರೆಯ ತೇರಿನ ಹಗ್ಗ ಹಿಡಿದಾಗ ಆಗುವಂತೆ ‘ನಾನು’ ಎಂಬುದು ಸ್ವಲ್ಪ ಹೊತ್ತು ಕರಗಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಅಪ್ಪ ನೋಡಿದರು, ಏನೂ ಕೇಳಲಿಲ್ಲ.

ಗುರುಗ್ರಾಮದ ಗಲಾಟೆ ಇಲ್ಲಿ ಮರುಕಳಿಸಲಿಲ್ಲ. ಕೆಸರು ಮೆತ್ತಿದ ಜನ ತಮ್ಮ ಪಾಡಿಗೆ ಹಾಡು ಗುನುಗುತ್ತಾ ಗೇಟು ದಾಟಿದರು. ಮೆಜೆಸ್ಟಿಕ್ಕಿನಿಂದ ದಾವಣಗೆರೆಯ ರಾತ್ರಿ ಬಸ್ಸು. ದೀಪ ಆರಿಸಿದ ಮೇಲೆ ಮಗ ಮೆಲ್ಲನೆ ಹೇಳಿದ, “ಅಪ್ಪಾ, ಗಣಿತ ಹೋಗಿದೆ.”

“ಏನಂದಿ? ಜೋರಾಗಿ ಹೇಳು.”

ಇನ್ನೊಮ್ಮೆ ಹೇಳಿದ. ಕೇಳಲಿಲ್ಲ. ಮೂರನೆಯ ಸಲ ಹೇಳಿದಾಗ ಇಡೀ ಬಸ್ಸಿಗೆ ಕೇಳಿತು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಅಪ್ಪ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ತುಮಕೂರು ದಾಟಿದ ಮೇಲೆ, “ಮತ್ತೆ ಕಟ್ಟು. ಫೀಸು ಎಷ್ಟು ಅಂತ ಹೇಳು. ಮುಚ್ಚಿಡಬ್ಯಾಡ” ಎಂದಷ್ಟೇ ಹೇಳಿ ಶಾಲು ಹೊದ್ದುಕೊಂಡರು.

ಮುಂದಿನ ವರ್ಷ ಗಣಿತ ಪಾಸಾಯಿತು. ಅದಕ್ಕೆ ಮೆಟಾಲಿಕಾ ಕಾರಣವಲ್ಲ, ಬೆಳಗಿನ ಜಾವ ಎದ್ದು ಓದಿದ್ದು ಕಾರಣ. ಆದರೆ ಆ ವರ್ಷ ಬೀರಪ್ಪನ ಜಾತ್ರೆಗೆ ಮಗ ಕರೆಯದೆಯೇ ಅಪ್ಪನ ಜೊತೆ ಹೊರಟ. ಡೊಳ್ಳುಗಳು ಸಾಲಾಗಿ ನಿಂತು ಮೊದಲ ಪೆಟ್ಟು ಬೀಳುವ ಮೊದಲು ಅವನು ಜೇಬಿಗೆ ಕೈ ಹಾಕಿ ಎರಡು ಜೊತೆ ಇಯರ್ ಪ್ಲಗ್ ತೆಗೆದ.